ರಾಗಿ ಪೈರಿನ ನಡುವೆ ಒಂದು ಜರ್ಮನ್ ಟ್ಯಾಂಕ್

ಮಕ್ಕಳ ಆಟದ ಸಾಮಾನೆಂದರೆ ಬುಗುರಿ, ಗೋಲಿ, ಹಳೆಯ ಸೈಕಲ್ ಟೈರು ಎಂದೇ ನಮ್ಮ ಶೆಟ್ಟಿಹಳ್ಳಿಯ ಬೀದಿಯವರೆಲ್ಲ ತಿಳಿದಿದ್ದ ದಿನಗಳವು. ತೊಂಬತ್ತರ ದಶಕದ ನಡುಭಾಗ. ಬಾಲ್ಯದ ನೆನಪು ಬರೆಯುವವರು ಸಾಮಾನ್ಯವಾಗಿ ತಮ್ಮ ಬಾಲ್ಯವನ್ನೇ ಬರೆಯುತ್ತಾರೆ. ನಾನು ಬರೆಯುತ್ತಿರುವುದು ನನ್ನ ಮಗ ರವೀಶನ ಬಾಲ್ಯದ ಒಂದು ದಸರಾ. ಅವನು ಅದನ್ನು ಬರೆಯುವವನಲ್ಲ. ಕೆಡಿಸಿದವನು ನಾನಾದ್ದರಿಂದ ನಾನೇ ಬರೆಯಬೇಕು.

ಆಗ ನಾನು ತುಮಕೂರಿನ ಒಂದು ಕೈಗಡಿಯಾರದ ಕಾರ್ಖಾನೆಯಲ್ಲಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ವಾಲಿದರೂ ಗಡಿಯಾರ ವಾಪಸ್ ಬರುತ್ತಿತ್ತು. ಆ ಅಭ್ಯಾಸ ನನ್ನ ಜೊತೆ ಮನೆಗೂ ಬಂದಿತ್ತು. ಗೋಡೆಯ ಕ್ಯಾಲೆಂಡರ್ ಸೊಟ್ಟಗಿದ್ದರೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಗುಬ್ಬಿಯ ನನ್ನ ಭಾಮೈದ ನಂಜುಂಡ ಮಸ್ಕತ್‌ನಲ್ಲಿ ಡ್ರೈವರಾಗಿದ್ದ. ಆ ಸಲ ರಜೆಗೆ ಬಂದಾಗ ರವೀಶನಿಗೊಂದು ಡಬ್ಬ ತಂದ. ಮೇಲೆ ಧೂಳೆಬ್ಬಿಸಿಕೊಂಡು ಬರುವ ಟ್ಯಾಂಕಿನ ಚಿತ್ರ. ಒಳಗೆ ಟ್ಯಾಂಕಿಲ್ಲ. ಕಡ್ಡಿಗಳ ಚೌಕಟ್ಟಿಗೆ ಕಾಯಿಗಳಂತೆ ಅಂಟಿಕೊಂಡ ಪ್ಲಾಸ್ಟಿಕ್ ಚೂರುಗಳು, ಒಂದು ಅಂಟಿನ ಟ್ಯೂಬು, ಬರೀ ಚಿತ್ರಗಳಿದ್ದ ಒಂದು ಹಾಳೆ.

"ಏನ್ಲಾ ನಂಜುಂಡ, ಮುರ್ದೋಗಿರೋದ್ನ ತಂದಿದೀಯಲ್ಲೋ!" ಎಂದೆ.

"ಮುರ್ದಿಲ್ಲ ಕಣ್ ಭಾವ. ಹುಡುಗ್ರೇ ಜೋಡಿಸ್ಕೋಬೇಕು. ದೊಡ್ ಯುದ್ಧದಲ್ಲಿ ಜರ್ಮನಿಯೋರು ಓಡ್ಸಿದ್ದು ಇದು. ಸೋತ್ರಲ್ಲ, ಅವ್ರು."

"ಸೋತೋರ್ದು ಯಾಕ್ ತಂದೆ ಮಾಮ?" ರವೀಶ ಕೇಳಿದ.

"ಗೆದ್ದೋರ್ದು ಅಂಗ್ಡೀಲಿ ಖಾಲಿಯಾಗಿತ್ತು ಕಣೋ!"

ಎಲ್ಲರೂ ನಕ್ಕೆವು. ರವೀಶ ಮಾತ್ರ ನಗದೆ ಡಬ್ಬದ ಚಿತ್ರವನ್ನೇ ನೋಡುತ್ತಿದ್ದ.

ಮರುದಿನದಿಂದ ಶಾಲೆಯಿಂದ ಬಂದವನೇ ಜಗುಲಿಯ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಕೂರುತ್ತಿದ್ದ. ಉಗುರು ಕತ್ತರಿಸುವ ಕಟರಿನಿಂದ ಚೂರುಗಳನ್ನು ಬಿಡಿಸುತ್ತಿದ್ದ. ಪೆಟ್ರೋಲಿಗೂ ಕಳಿತ ಬಾಳೆಹಣ್ಣಿಗೂ ನಡುವಿನ ಒಂದು ವಾಸನೆ ಆ ಅಂಟಿಗೆ. ಚಕ್ರದ ಸುತ್ತ ಬರುವ ರಬ್ಬರಿನಂಥ ಪಟ್ಟಿಯ ತುದಿಗಳನ್ನು ಕಾಯಿಸಿದ ಸ್ಕ್ರೂಡ್ರೈವರಿನಿಂದ ಒತ್ತಿ ಕೂಡಿಸಬೇಕಿತ್ತು. ಸ್ಕ್ರೂಡ್ರೈವರ್ ಕಾಯುತ್ತಿದ್ದದ್ದು ಹುಳಿ ಕುದಿಯುವ ಒಲೆಯ ಪಕ್ಕದ ಉರಿಯಲ್ಲಿ.

"ಲೋ, ಹುಳಿಯೆಲ್ಲ ಟ್ಯಾಂಕ್ ವಾಸ್ನೆ ಹೊಡೀತಿದೆ ಕಣೋ," ಎಂದು ನನ್ನ ಹೆಂಡತಿ ಶಾರದ ಬೈಯುತ್ತಿದ್ದಳು. ಬೈಯುತ್ತಲೇ ಅವನ ಪಕ್ಕ ನಿಂತು ನೋಡುತ್ತಿದ್ದಳು.

ನನ್ನ ಕೈ ಕಡಿಯುತ್ತಿತ್ತು. "ಕೊಡೋ ಇಲ್ಲಿ, ಅಂಟು ಹಾಗಲ್ಲ ಹಚ್ಚೋದು," ಎಂದರೆ ಅವನು ಎರಡೂ ತೋಳಿನಿಂದ ಮುಚ್ಚಿಕೊಳ್ಳುತ್ತಿದ್ದ. "ಬೇಡಪ್ಪ, ನಾನೇ ಮಾಡ್ತೀನಿ. ಆಮೇಲ್ ತೋರಿಸ್ತೀನಿ."

ದಸರಾಕ್ಕೆ ಶಾರದ ಗೊಂಬೆ ಕೂರಿಸುತ್ತಿದ್ದಳು. ಗೊಂಬೆಗಳ ಮೆಟ್ಟಿಲಿನ ಮುಂದೆ ಪುಟ್ಟ ಪಾರ್ಕಿನಂತೆ ಕಾಣಲೆಂದು ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ ಪೈರು ಬರಿಸುವುದು ವಾಡಿಕೆ. ಆ ವರ್ಷ ರಾಗಿ ಚೆಲ್ಲಿ ನೀರು ಚಿಮುಕಿಸಿದವನು ರವೀಶನೇ. ಟ್ಯಾಂಕಿಗೂ ಆ ತಟ್ಟೆಯಲ್ಲೇ ಜಾಗ ಬೇಕು ಎಂದು ಅಮ್ಮನ ಹತ್ತಿರ ಕೇಳಿಕೊಂಡಿದ್ದ.

ಹಬ್ಬ ಹತ್ತಿರವಾದಾಗ ಒಂದು ಮಧ್ಯಾಹ್ನ ಮೊದಲ ಪಾಳಿ ಮುಗಿಸಿ ಬಂದೆ. ಅವನಿನ್ನೂ ಶಾಲೆಯಲ್ಲಿದ್ದ. ಟ್ಯಾಂಕ್ ಕಿಟಕಿಯ ಕಟ್ಟೆ ಮೇಲಿತ್ತು. ಒಂದು ಪಕ್ಕದ ಚಕ್ರಗಳು ಒಳಕ್ಕೆ ಮಡಿಚಿಕೊಂಡಿದ್ದವು. ಪಟ್ಟಿ ಜೋತುಬಿದ್ದಿತ್ತು. ಗುಂಡು ಹಾರಿಸುವ ಕೊಳವೆ ನೆಲ ಮುಟ್ಟುತ್ತಿತ್ತು. ಮುದಿ ಹಸು ಮುಂಗಾಲು ಮಡಿಚಿ ಕೂತಂತೆ ಇಡೀ ಟ್ಯಾಂಕ್ ಮುಂದಕ್ಕೆ ವಾಲಿತ್ತು. ಪಾಪ, ಹುಡುಗನಿಗೆ ಆಗಲಿಲ್ಲ ಎಂದುಕೊಂಡೆ. ಬ್ಲೇಡಿನಿಂದ ಚಕ್ರಗಳನ್ನು ಎಬ್ಬಿಸಿ, ಉಜ್ಜಿ, ಸಾಲು ನೋಡಿ ಮತ್ತೆ ಕೂರಿಸಿದೆ. ಪಟ್ಟಿ ಬಿಗಿಮಾಡಿದೆ. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದೆ. ಕಿಟಕಿಗೆ ಬಳಿದು ಉಳಿದಿದ್ದ ಬೂದು ಪೇಂಟ್ ಹೊಡೆದು, ಡಬ್ಬದಲ್ಲೇ ಬಂದಿದ್ದ, ನೀರಲ್ಲಿ ನೆನೆಸಿ ಅಂಟಿಸುವ ಜರ್ಮನ್ ಸೈನ್ಯದ ಕಪ್ಪು ಶಿಲುಬೆ ಗುರುತುಗಳನ್ನು ಎರಡೂ ಪಕ್ಕ ಸರಿಯಾಗಿ ಅಂಟಿಸಿದೆ.

ರವೀಶ ಬಂದ. ಬ್ಯಾಗು ಇಳಿಸದೆ ನೋಡಿದ.

"ಹೆಂಗಿದೆ?"

"ಚೆನ್ನಾಗಿದೆ," ಎಂದು ಒಳಗೆ ಹೋದ. ಖುಷಿಗೆ ಮಾತು ಬರಲಿಲ್ಲ ಎಂದೇ ನಾನು ತಿಳಿದೆ.

ಗೊಂಬೆ ಕೂರಿಸಿದ ಸಂಜೆ ಬೀದಿಯ ಹೆಂಗಸರು ಬಂದರು. ಕಡಲೆಕಾಳಿನ ಉಸಲಿ ತಿನ್ನುತ್ತ ಎದುರುಮನೆಯ ಕಮಲಮ್ಮ, "ಅಬ್ಬಬ್ಬ, ಟ್ಯಾಂಕ್ ನಿಜದ್ದೇ ಇದ್ದಂಗಿದೆ! ಯಾರ್ ಮಾಡಿದ್ದು?" ಎಂದರು.

"ನಮ್ದೇ ಕೈಕೆಲ್ಸ," ಎಂದೆ ಕುರ್ಚಿಯಿಂದ.

"ಅಲ್ವೋ ರವಿ, ಹುಲ್ಲಿನ್ ಮಧ್ಯ ಯಾರ್ ಮೇಲೋ ಯುದ್ಧ?"

"ಅಪ್ಪನ್ ಕೇಳಿ ಆಂಟಿ."

ಶಾರದ ನನ್ನನ್ನು ಅಡುಗೆಮನೆಗೆ ಕರೆದಳು. "ರೀ, ಅದು ಸೊಟ್ಟಗಿರ್ಲಿ ಅಂತ್ಲೇ ಮಾಡಿದ್ದ ಕಣ್ರೀ ಅವ್ನು."

"ಅಂದ್ರೆ?"

"ಯುದ್ಧ ಮುಗೀತಂತೆ. ಸೋತೋರು ಅದನ್ನ ಹೊಲದಲ್ಲೇ ಬಿಟ್ಟು ಮನೇಗ್ ಹೋದ್ರಂತೆ. ಆಮೇಲ್ ಹೊಲದೋನು ಬಂದು, ಇದನ್ ಯಾರ್ ಎಳೀತಾರೆ ಅಂತ ಅದ್ರ ಸುತ್ತಾನೇ ರಾಗಿ ಬಿತ್ತಿದ್ನಂತೆ. ನಂಗ್ ಮಾತ್ರ ಹೇಳಿದ್ದ. ನೀವು ನೋಡಿ ಏನಂತೀರೋ ಅಂತ ಕಾಯ್ತಿದ್ದ."

ಹಜಾರಕ್ಕೆ ಹೋಗಿ, "ಇದು ನನ್ನ ಮಗ ಕಟ್ಟಿದ ಕತೆ, ನಾನು ಕೆಡಿಸಿಬಿಟ್ಟೆ," ಎಂದಿದ್ದರೆ ಸಾಕಿತ್ತು. ಹೊರಗೆ ಜನರಿದ್ದರು. "ಮೊದ್ಲೇ ಹೇಳ್ಬಾರ್ದಾಗಿತ್ತಾ," ಎಂದು ಅವಳ ಮೇಲೇ ರೇಗಿ ಮತ್ತೆ ಹೋಗಿ ಕುರ್ಚಿಯಲ್ಲಿ ಕೂತೆ. ತಿಳಿಯದೆ ಮಾಡಿದ್ದನ್ನು ನಾನು ಕ್ಷಮಿಸಿಕೊಂಡಿದ್ದೇನೆ. ತಿಳಿದ ಮೇಲೂ ಹಾಗೆ ಹೋಗಿ ಕೂತದ್ದನ್ನು ಕ್ಷಮಿಸಿಕೊಳ್ಳಲು ಇವತ್ತಿಗೂ ಆಗಿಲ್ಲ.

ಮುಂದಿನ ರಜೆಗೆ ನಂಜುಂಡ ಇನ್ನೊಂದು ಡಬ್ಬ ತಂದ. ಅದೇ ಯುದ್ಧದ ಮಿಲಿಟರಿ ಲಾರಿ. ರವೀಶ ಅದನ್ನು ಬಿಚ್ಚದೆ ನನ್ನ ಕೈಗಿಟ್ಟ. "ನೀನೇ ಮಾಡಪ್ಪ, ನಿಂಗ್ ಚೆನ್ನಾಗ್ ಬರುತ್ತೆ." ಮಾತಿನಲ್ಲಿ ಕೊಂಕಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನಾನು ಸಂತೋಷದಿಂದಲೇ ಕೂತು ಮಾಡಿದೆ.

ಈಗ ರವೀಶ ಕುಣಿಗಲ್ಲಿನಲ್ಲಿ ನೌಕರಿಯಲ್ಲಿದ್ದಾನೆ. ಒಳ್ಳೆಯ ಮಗ. ಭಾನುವಾರ ತಪ್ಪದೆ ಬರುತ್ತಾನೆ. ನನ್ನ ಬಿಪಿ ಮಾತ್ರೆ ವಿಚಾರಿಸುತ್ತಾನೆ, ರಸ್ತೆ ಕೆಟ್ಟಿರುವುದನ್ನು ಹೇಳುತ್ತಾನೆ. ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯುತ್ತದೆ. ಆಮೇಲೆ ಅಡುಗೆಮನೆಯಿಂದ ಅವನ ದನಿ ಕೇಳಿಸುತ್ತದೆ. ಆಫೀಸಿನವರನ್ನು ಅಣಕಿಸುತ್ತಾನೆ, ಬಸ್ಸಿನಲ್ಲಿ ಕಂಡವರ ಮೇಲೆ ಕತೆ ಕಟ್ಟುತ್ತಾನೆ. ಶಾರದ ಕೆಮ್ಮು ಬರುವವರೆಗೂ ನಗುತ್ತಾಳೆ. ಇಷ್ಟು ವರ್ಷಗಳಲ್ಲಿ ಇಂಥ ಎಷ್ಟು ಕತೆಗಳು ನನ್ನ ಕಿವಿಗೆ ಬೀಳದೆ ಹೋದವೋ ಗೊತ್ತಿಲ್ಲ.

ಕೆಲವು ಸಲ ತಡೆಯಲಾರದೆ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗುತ್ತೇನೆ. ಮಾತು ನಿಲ್ಲುತ್ತದೆ.

"ಏನಪ್ಪ, ಕಾಫಿ ಬೇಕಿತ್ತಾ?" ಎನ್ನುತ್ತಾನೆ.

"ಹೂಂ, ಅರ್ಧ ಲೋಟ," ಎನ್ನುತ್ತೇನೆ. ಕಾಫಿ ಬೇಕಿರುವುದಿಲ್ಲ.