ಬೋಲ್ಟಕ್ಕನ ಗ್ರೀಸು ಬಟ್ಟೆ

ಲಾರಿ ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಬೋಲ್ಟಕ್ಕ ಎನ್ನುತ್ತಿದ್ದರು. ತುಕ್ಕು ಹಿಡಿದ ಬೋಲ್ಟು ಯಾರಪ್ಪನ ಮಾತಿಗೂ ಜಗ್ಗುವುದಿಲ್ಲ, ಇವಳೂ ಹಾಗೇ. ಮೇಸ್ತ್ರಿ ಅದನ್ನು ಬೈಗುಳವೆಂದು ಕೊಟ್ಟ, ಅವಳು ಬಿರುದೆಂದು ಇಟ್ಟುಕೊಂಡಳು. ಇಂಥವಳು ಸೋತಿದ್ದು ಒಂದೇ ಕಡೆ, ಮನೆಯಲ್ಲಿ. ಹಗಲೆಲ್ಲ ಲಾರಿಗಳ ಹೊಟ್ಟೆಯಡಿ ಮಲಗಿ ದುಡಿದು ಬಂದು, ಸಂಜೆ ಹಿತ್ತಲ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ತನ್ನ ಗ್ರೀಸು ಬಟ್ಟೆ ಉಜ್ಜಬೇಕು. ಒಳಗೆ ವಾಷಿಂಗ್ ಮೆಷಿನ್ ಮಹಾರಾಣಿಯ ಹಾಗೆ ಸುಮ್ಮನೆ ನಿಂತಿರುತ್ತಿತ್ತು. ಗುಜರಿಗೆ ಹೊರಟಿದ್ದ ಅದನ್ನು ಮನೆಗೆ ತಂದು, ಬೇರಿಂಗು ಬದಲಿಸಿ, ಜೀವ ಕೊಟ್ಟವಳೂ ಇವಳೇ!

ಅಡ್ಡ ನಿಂತವರು ಅತ್ತೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಹೆಂಗಸು. ಬಿಳಿ ಅಂದರೆ ಅವರಿಗೆ ಬಿಳಿಯೇ. 'ಸುಮಾರು ಬಿಳಿ' ಎನ್ನುವುದು ಅವರ ಪ್ರಕಾರ ಸೋಮಾರಿಗಳು ಕಂಡುಹಿಡಿದ ಬಣ್ಣ.

"ಆ ಬಟ್ಟೆ ಇದರೊಳಗೆ ಬರಬೇಕಾ? ಮೊದ್ಲು ಆ ಕೆಲ್ಸ ಬಿಡು. ಎಲ್ಲಾದ್ರೂ ಚೊಕ್ಕವಾಗಿ ಕೂತ್ಕೊಳ್ಳೋ ಕೆಲ್ಸ ಹುಡುಕ್ಕೋ," ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಗಂಡ ದರ್ಜಿ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಯಾರು ನ್ಯಾಯ ಕೇಳಲು ಬಂದರೂ ತಕ್ಷಣ ಬಾಯಿಗೆ ಗುಂಡುಸೂಜಿ ಕಚ್ಚಿಕೊಳ್ಳುತ್ತಿದ್ದ. ಸೂಜಿ ಕಚ್ಚಿದವನನ್ನು ಯಾರು ತಾನೇ ಮಾತಾಡಿಸಿಯಾರು?

ಆ ಚಳಿಗಾಲ ತಣ್ಣೀರಲ್ಲಿ ಉಜ್ಜಿ ಉಜ್ಜಿ ಅವಳ ಬೆರಳ ಸಂದುಗಳು ಬಿರಿದು ರಕ್ತ ಬಂತು. ಅವತ್ತೇ ನಿರ್ಧರಿಸಿದಳು, ಇನ್ನು ಈ ಬಟ್ಟೆಯೂ ಮೆಷಿನ್ನಿಗೇ. ಅತ್ತೆ ಮನೆಯಲ್ಲಿಲ್ಲದಾಗ ಕದ್ದು ಒಗೆಯಬಹುದಿತ್ತು. ಆದರೆ ಕದಿಯಲು ಅವಳೇನು ಕಳ್ಳಿಯೇ? ರಜೆಯ ದಿನ ಬೆಳಗ್ಗೆ, ಅತ್ತೆಯ ಕಣ್ಣೆದುರೇ ಬಟ್ಟೆಯ ಗಂಟು ಬಿಚ್ಚಿದಳು.

ಮೊದಲು ಚಾಕುವಿನ ಬೆನ್ನಿನಿಂದ ಗ್ರೀಸು ಕೆರೆದಳು. ನೀರು ಸೋಕಿಸದೆ, ಒಣ ಬಟ್ಟೆಗೇ ಪಾತ್ರೆ ತೊಳೆಯುವ ಸೋಪು ತಿಕ್ಕಿ ನೆನೆಯಲು ಬಿಟ್ಟಳು. ಆಮೇಲೆ ಡ್ರಮ್ಮನ್ನು ಅರ್ಧದಷ್ಟೇ ತುಂಬಿ, ಬಿಸಿನೀರು ಕೊಟ್ಟು, ತಿರುಗಿಸಿ, ಮತ್ತೆರಡು ಸಲ ಜಾಲಿಸಿದಳು. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಿದ್ದರು. ಬಟ್ಟೆ ಹೊರಬಂದಾಗ ಅದರ ನಿಜವಾದ ನೀಲಿ ಬಣ್ಣ ನೋಡಿ ಬೋಲ್ಟಕ್ಕನಿಗೇ ಆಶ್ಚರ್ಯವಾಯಿತು.

ಅತ್ತೆ ಎದ್ದು ಹೋಗಿ, ನಿವೃತ್ತಿಯ ದಿನ ಉಡುಗೊರೆಯಾಗಿ ಬಂದಿದ್ದ ತಮ್ಮ ಮಂಚದ ಬಿಳಿ ಹಾಸನ್ನು ತಂದರು. "ಈಗ ಇದನ್ನ ಹಾಕು. ಒಂದು ಚುಕ್ಕೆ ಬಿದ್ರೂ ನಾಳೆಯಿಂದ ಗ್ಯಾರೇಜಿಲ್ಲ."

ಬೋಲ್ಟಕ್ಕ ಡ್ರಮ್ಮು ಒರೆಸಿ, ಮಾತಾಡದೆ ಹಾಸು ಹಾಕಿದಳು.

ಹೊರಬಂದ ಹಾಸಿನ ನಡುವೆ ಗೇಣುದ್ದದ ಕಪ್ಪು ಗೀರು. ಬಾಗಿಲ ರಬ್ಬರಿನ ಮಡಿಕೆಯಲ್ಲಿ ಗ್ರೀಸು ಅಡಗಿ ಕೂತಿತ್ತು.

"ನಾನು ಹೇಳಿರ್ಲಿಲ್ವಾ?"

ಬೋಲ್ಟಕ್ಕ ರಬ್ಬರಿನ ಮಡಿಕೆ ಬಿಡಿಸಿ ನೋಡಿದಳು. ಆದರೂ ತಲೆ ತಗ್ಗಿಸಲಿಲ್ಲ. "ಬಿದ್ದಿದೆ. ರಬ್ಬರ್ ಒರೆಸ್ಲಿಲ್ಲ, ನಂದೇ ತಪ್ಪು. ಆದ್ರೆ ಕೆಲ್ಸ ಬಿಡಲ್ಲ."

"ಆಡಿದ ಮಾತು ಏನಾಯ್ತು?"

"ಆಡಿದ್ದು ನೀವು. ನಾನು ಹೂಂ ಅಂದಿದ್ನಾ? ಕೆಲ್ಸಾನೂ ಬಿಡಲ್ಲ, ಹಿತ್ತಲಿಗೂ ಹೋಗಲ್ಲ. ಊರವರ ರಕ್ತ, ಕೀವು ಎಲ್ಲಾ ಒಗೆದ ಕೈ ನಿಮ್ದು. ಯಾವ ರೋಗಿಗಾದ್ರೂ 'ಮೊದ್ಲು ಗಾಯ ವಾಸಿ ಮಾಡ್ಕೊಂಡು ಬಾ, ಆಮೇಲೆ ನಿನ್ನ ಬಟ್ಟೆ ಮುಟ್ತೀನಿ' ಅಂದಿದ್ರಾ? ಮನೆ ಸೊಸೆ ಕೊಳೆ ಮಾತ್ರ ಹೇಸಿಗೆನಾ?"

ಮೂಲೆಯ ಹೊಲಿಗೆ ಮೇಜಿನ ಮುಂದೆ ಕೂತಿದ್ದ ಗಂಡನ ಬಾಯಿಂದ ಸೂಜಿ ಕೆಳಗೆ ಬಿತ್ತು. ಅವನು ಅದನ್ನು ಹುಡುಕುವ ನೆಪದಲ್ಲಿ ಮೇಜಿನಡಿ ಸೇರಿಕೊಂಡ.

ಅತ್ತೆ ಆ ಬಿರಿದ ಬೆರಳುಗಳನ್ನು ನೋಡಿದರು. ಒಳಗೆ ಹೋಗಿ ಒಂದು ಹರಕು ಬಿಳಿ ಬಟ್ಟೆ ತಂದು ಅವಳ ಕೈಗೆ ತುರುಕಿದರು.

"ಲಾಂಡ್ರೀಲಿ ಇದಕ್ಕೆ ಸಾಕ್ಷಿ ಬಟ್ಟೆ ಅಂತಿದ್ವಿ. ಕೊಳೆ ಬಟ್ಟೆ ಆದ್ಮೇಲೆ ಇದೊಂದನ್ನೇ ಬಿಸಿನೀರಲ್ಲಿ ತಿರುಗಿಸ್ಬೇಕು. ಇದು ಬೆಳ್ಳಗೆ ಬಂದ್ರೆ ಮಾತ್ರ ಬೇರೇದು ಹಾಕೋದು."

"ಗೊತ್ತಿದ್ದೂ ಹೇಳ್ಲಿಲ್ವಲ್ಲ ನೀವು!"

"ಹೇಳಿದ್ರೆ ನೀನು ಗೆದ್ಬಿಡ್ತಿದ್ದೆ," ಎಂದರು ಅತ್ತೆ, ಕಿಂಚಿತ್ತೂ ನಾಚದೆ. "ಆ ಗೀರಿಗೆ ಸೋಪು ತಿಕ್ಕು, ಪೆದ್ದಿ. ಒಣಗಿದ್ರೆ ಹೋಗಲ್ಲ."

ಮಧ್ಯಾಹ್ನ ಬೋಲ್ಟಕ್ಕ ತನ್ನ ಬಟ್ಟೆಯನ್ನು ಹಿತ್ತಲಿಗೆ ಒಯ್ಯಲಿಲ್ಲ. ಬೀದಿ ಕಡೆಯ ಹಗ್ಗದ ಮೇಲೆ, ಇಡೀ ಊರಿಗೆ ಕಾಣುವಂತೆ, ತೋಳು ಚಾಚಿ ಒಣಹಾಕಿದಳು. ಪಕ್ಕದಲ್ಲಿ ಅತ್ತೆ ಮತ್ತೆ ಬೆಳ್ಳಗಾದ ಹಾಸನ್ನು ಹರವುತ್ತಿದ್ದರು.

ಎದುರು ಮನೆಯಾಕೆ ಕತ್ತು ಚಾಚಿದಳು. "ಇದ್ಯಾರ್ದು ಗ್ಯಾರೇಜ್ ಬಟ್ಟೆ? ಮಗ ಹೊಸ ಕೆಲ್ಸಕ್ಕೆ ಸೇರಿದ್ನಾ?"

"ಅವನು ಸೂಜಿ ಎತ್ತೋದೇ ಹೆಚ್ಚು," ಎಂದು ಅತ್ತೆ ನೀಲಿ ಬಟ್ಟೆಗೆ ತಾವೇ ಒಂದು ಕ್ಲಿಪ್ಪು ಸಿಕ್ಕಿಸಿದರು. "ಇದು ನನ್ನ ಸೊಸೇದು. ಬಾ, ಒಂದು ಕಲೆ ಇದ್ರೆ ತೋರ್ಸು, ನೋಡೋಣ!"