ಬಿಟ್ಟುಹೋದ ಓರೆ ಗೆರೆ

೧೯೭೪ರ ಬೇಸಿಗೆ. ಆಗ ನನಗೆ ಇಪ್ಪತ್ತೆಂಟು ವರ್ಷ. ಚಿತ್ರದುರ್ಗದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದೆ. ಲಗ್ನಪತ್ರಿಕೆ, ರಸೀದಿ ಪುಸ್ತಕಗಳ ಜೊತೆಗೆ ನಮ್ಮಲ್ಲಿ ಮಕ್ಕಳು ರಜೆಯಲ್ಲಿ ಆಡುವ ಪಟಗಳೂ ಅಚ್ಚಾಗುತ್ತಿದ್ದವು. ದಪ್ಪ ಕಾಗದದ ಮೇಲೆ ಹಾವು-ಏಣಿ, ಹುಲಿ-ಕುರಿ, ಇಂಥವು. ಹಿರಿಯೂರಿನ ಇನ್ನೊಂದು ಪ್ರೆಸ್ಸಿನವರೂ ಅದನ್ನೇ ಮಾಡುತ್ತಿದ್ದರು. ಹೊಳಲ್ಕೆರೆ, ಹೊಸದುರ್ಗದ ಅಂಗಡಿಯವರು ಯಾರ ಪಟ ಚೆನ್ನಾಗಿರುತ್ತದೋ ಅವರ ನೋಟ್‌ಬುಕ್ಕು, ಕ್ಯಾಲೆಂಡರುಗಳನ್ನೇ ತರಿಸುತ್ತಿದ್ದರು. ಹಾಗಾಗಿ ಇಬ್ಬರು ಮಾಲೀಕರಿಗೂ ಹೊಸ ಆಟ ಅಂದರೆ ಪ್ರಾಣ.

ನಮ್ಮಲ್ಲಿ ಹೊಸ ಆಟ ಹೊಸೆಯುತ್ತಿದ್ದವನು ಮದಕರಿಪುರದ ಕರಿಯಣ್ಣ. ಕುರಿ ಕಾಯುವವನು. ಓದು ಬರಹ ಇಲ್ಲ. ಬಂಡೆಯ ಮೇಲೆ ಸುಣ್ಣದ ಕಲ್ಲಿನಿಂದ ನಾಲ್ಕು ಗೆರೆ ಎಳೆದು, ಹರಳು ಇಟ್ಟು, ಅಳಿಸಿ, ಮತ್ತೆ ಎಳೆದು ಒಂದು ಆಟ ಹುಟ್ಟಿಸಿಬಿಡುತ್ತಿದ್ದ. ಅವನ ಎರಡು ಆಟಗಳು ನಮ್ಮ ಪ್ರೆಸ್ಸಿಗೆ ಒಳ್ಳೆ ಹೆಸರು ತಂದವು. ಅವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಅವನಿಗೆ ಇದ್ದದ್ದು ಅದೊಂದೇ ಆಸೆ. "ಮೂಲೇಲಿ ಸಣ್ಣಕ್ಕೆ ಹಾಕಿದ್ರೂ ಆತು ಸಾಮಿ, ಇದು ಕರಿಯಣ್ಣ ಮಾಡಿದ್ದು ಅಂತ" ಎಂದು ಮಾಲೀಕರನ್ನು ಎಷ್ಟೋ ಸಲ ಕೇಳಿದ್ದ. ಅವರು, "ಕುರಿ ಕಾಯೋನ ಹೆಸರು ನೋಡಿ ಯಾರಪ್ಪ ಕೊಳ್ತಾರೆ?" ಎಂದು ನಕ್ಕುಬಿಟ್ಟಿದ್ದರು. ಹಿರಿಯೂರಿನವರು ಹೆಸರು ಹಾಕುತ್ತೇವೆ ಎಂದರು. ಕರಿಯಣ್ಣ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಹಿರಿಯೂರಿಗೆ ಹೊರಟುಹೋದ. ಅವರು ಹಾಕಿದ ಷರತ್ತು ಒಂದೇ: ಹೊಸ ಆಟವನ್ನು ಅಚ್ಚಾಗುವ ಮುಂಚೆ ಯಾರಿಗೂ ತೋರಿಸಬಾರದು.

ನಮ್ಮ ಮಾಲೀಕರಿಗೆ ನಿದ್ದೆ ಹಾರಿಹೋಯಿತು. ಒಂದು ದಿನ ನನ್ನನ್ನು ಒಳಗೆ ಕರೆದರು. "ತಿಪ್ಪೇಸಾಮಿ, ಅವನು ನಿನ್ನ ಮಾತು ಕೇಳ್ತಾನೆ. ಅದೇನು ಮಾಡ್ತಾ ಅವನೆ ನೋಡ್ಕಂಡ್ ಬಾ. ನಿನ್ನ ಬಿಟ್ರೆ ಇನ್ಯಾರಿಗೂ ಆಗಲ್ಲ ಇದು." ಅವರು ಹಾಗೆ ಹೊಗಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಬೇರೆ ಯಾವ ಕಾರಣವೂ ಇಲ್ಲ, ಸುಳ್ಳು ಯಾಕೆ ಹೇಳಲಿ.

ಕರಿಯಣ್ಣನ ಹಟ್ಟಿಯಲ್ಲಿ ಒಂದು ಪದ್ಧತಿ ಇತ್ತು, ಅವನೇ ನನಗೆ ಹೇಳಿದ್ದು. ಆಟ ಬರೆದವನ ಎದುರಿಗೆ ಯಾರಾದರೂ ಕಂಬಳಿ ಮಡಿಸಿ ಹಾಕಿ ಕೂತರೆ ಆಟ ಇಲ್ಲ ಅನ್ನುವ ಹಾಗಿಲ್ಲ. ಬಾರದವನಾದರೆ ಕಲಿಸಿ ಆಡಬೇಕು. ಕೂತವನನ್ನು ಎಬ್ಬಿಸಿದರೆ ಊಟದ ಎಲೆಯ ಮುಂದಿನಿಂದ ಎಬ್ಬಿಸಿದಷ್ಟೇ ತಪ್ಪು. ನಾನು ಮಾರ್ಚಿನ ಸುಡು ಬಿಸಿಲಿನಲ್ಲಿ ಒಂದು ಕಂಬಳಿ ಹೊತ್ತುಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ಕಂಡಕ್ಟರು, "ಏನಪ್ಪ, ಚಳಿಜ್ವರನಾ?" ಎಂದು ತಮಾಷೆ ಮಾಡಿದ.

ಕರಿಯಣ್ಣ ಮಧ್ಯಾಹ್ನದ ಹೊತ್ತು ವೇದಾವತಿಯ ದಂಡೆಯ ಒಂದು ಬಂಡೆಯ ಮೇಲೆ ಒಬ್ಬನೇ ಕೂತಿದ್ದ. ಮುಂದೆ ಹೊಸ ಆಟದ ಗೆರೆಗಳು. ನನ್ನನ್ನು ಕಂಡು ಮುಖ ಅರಳಿತು. ನಾನು ಕಂಬಳಿ ಮಡಿಸಿ ಎದುರಿಗೆ ಹಾಕಿ ಕೂತೆ. ಅವನ ಕೈ ಗೆರೆಗಳ ಮೇಲೆ ಹಾಗೇ ನಿಂತಿತು.

"ಇದನ್ನ ತೋರಿಸಬ್ಯಾಡ ಅಂದವ್ರೆ ಕಣಪ್ಪ" ಎಂದ ಕೊನೆಗೆ.

"ನಾನೇನು ಬೇರೆಯವನಾ ಕರಿಯಣ್ಣ?" ಎಂದೆ.

ಅವನು ನಿಟ್ಟುಸಿರು ಬಿಟ್ಟು ಹರಳು ಹಂಚಿದ. ನಡುವೆ ಹಳ್ಳ, ಈಚೆ ದಂಡೆಯಲ್ಲಿ ನನ್ನ ಕುರಿಗಳು, ಅವನವು ಎರಡು ತೋಳ. ಕುರಿಗಳನ್ನು ಆಚೆಗೆ ದಾಟಿಸಬೇಕು. ಎರಡು ಸಲ ನಾನು ಸೋತೆ. ಮೂರನೇ ಸಲ ಅವನೇ ಬಗ್ಗಿ ಮೂಲೆಯ ಒಂದು ಓರೆ ಗೆರೆ ತೋರಿಸಿ, "ತೋಳ ಎರಡೂ ಆ ಕಡೆ ನಿಂತಾಗ ಹಿಂಗೆ ನುಗ್ಗಿಸ್ಬೇಕು" ಎಂದ. ನಾನು ಗೆದ್ದೆ. ನನಗಿಂತ ಅವನಿಗೇ ಹೆಚ್ಚು ಖುಷಿಯಾಯಿತು. ಬಲವಂತ ಮಾಡಿ ಟೀ ಕುಡಿಸಿ ಕಳಿಸಿದ.

ಬಸ್ ಸ್ಟ್ಯಾಂಡಿಗೆ ಬಂದು ಜೇಬಿನ ಕಾಗದದ ಮೇಲೆ ಆಟವನ್ನು ಬರೆದೆ. ದುರ್ಗದ ಬಸ್ಸು ಹೊರಡಲು ನಿಂತಿತ್ತು, ಅವಸರದಲ್ಲಿ ಗೀಚಿ ಹತ್ತಿಬಿಟ್ಟೆ. ವಾರದೊಳಗೆ ಮಾಲೀಕರು ಅದರ ಅಚ್ಚಿನ ಬ್ಲಾಕ್ ಮಾಡಿಸಿ ತಂದರು. ಹಿರಿಯೂರಿನವರಿಗಿಂತ ಮುಂಚೆಯೇ ನಮ್ಮ ಪಟ ಎಲ್ಲ ಊರಿನ ಅಂಗಡಿಗಳಲ್ಲಿ ನೇತಾಡಿತು. ಅದರ ಮೇಲೆ ನಮ್ಮ ಪ್ರೆಸ್ಸಿನ ಹೆಸರೊಂದೇ ದಪ್ಪಕ್ಷರದಲ್ಲಿತ್ತು.

ಹಿರಿಯೂರಿನ ಮಾಲೀಕರು, ಮಾತಿಗೆ ತಪ್ಪಿದವನು ಎಂದು ಕರಿಯಣ್ಣನನ್ನು ಅದೇ ದಿನ ಕೆಲಸದಿಂದ ಬಿಡಿಸಿದರಂತೆ. ಸುದ್ದಿ ಕೇಳಿ ನನಗೆ ಅನ್ನ ಸೇರಲಿಲ್ಲ. ಆದರೂ ಮರುದಿನ ಕೆಲಸಕ್ಕೆ ಹೋದೆ.

ನಾಲ್ಕು ದಿನ ಬಿಟ್ಟು ಕರಿಯಣ್ಣ ನಮ್ಮ ಪ್ರೆಸ್ಸಿಗೆ ಬಂದ. ಕೈಯಲ್ಲಿ ನಮ್ಮ ಪಟ. ಇವತ್ತು ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು ಎಂದುಕೊಂಡು ತಲೆ ಬಗ್ಗಿಸಿ ಮೊಳೆ ಜೋಡಿಸುತ್ತಾ ನಿಂತೆ. ಅವನು ಜಗಳ ತೆಗೆಯಲಿಲ್ಲ. ಪಟವನ್ನು ಮಾಲೀಕರ ಮೇಜಿನ ಮೇಲೆ ಬಿಡಿಸಿಟ್ಟು, "ಸಾಮಿ, ಇಲ್ಲೊಂದು ಗೆರೆ ಬಿಟ್ಟೋಗೈತೆ" ಎಂದ.

"ಇದು ನಿನ್ನ ಆಟ ಅಂತ ಯಾರೋ ಹೇಳಿದ್ದು?" ಎಂದು ಮಾಲೀಕರು ರೇಗಿದರು.

"ಯಾರ್ದಾದ್ರೂ ಆಗ್ಲಿ ಬಿಡ್ರಿ. ಮೂಲೆ ಗೆರೆ ಇಲ್ದಿದ್ರೆ ಒಂದು ಕುರೀನೂ ಹಳ್ಳ ದಾಟಲ್ಲ. ಆಡೋ ಮಕ್ಕಳು ಬರೀ ಸೋಲ್ತಾವೆ. ಅದೊಂದು ಸರಿ ಮಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ." ಆಮೇಲೆ ನನ್ನ ಕಡೆ ತಿರುಗಿದ. "ತಿಪ್ಪೇಸಾಮಿ, ನೀನಾದ್ರೂ ಹೇಳಪ್ಪ. ಅವತ್ತು ನೀನು ಗೆದ್ದಿದ್ದು ಆ ದಾರೀಲೇ ಅಲ್ವಾ?"

ಅವನು ಹೇಳಿದ ಕ್ಷಣವೇ ನನಗೆ ನೆನಪಾಯಿತು. ಅವನು ಬಗ್ಗಿ ಬೆರಳಿಟ್ಟು ತೋರಿಸಿದ್ದು, ನಾನು ಗೆದ್ದಾಗ ತೊಡೆ ತಟ್ಟಿ ನಕ್ಕಿದ್ದು, ಎಲ್ಲ. ಮಾಲೀಕರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಹೌದೆಂದರೆ ಬ್ಲಾಕೂ ದಂಡ, ಅಚ್ಚಾದ ಪಟಗಳೂ ದಂಡ, ತಪ್ಪು ನನ್ನದು.

"ನನಗೆ ನೆನಪಿಲ್ಲ" ಎಂದೆ.

ಕರಿಯಣ್ಣ ಬೈದಿದ್ದರೆ ಚೆನ್ನಾಗಿತ್ತು. ಅವನು ನನ್ನನ್ನು ಒಂದು ಸಲ ನೋಡಿ, ಪಟವನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ಆಟ ನಡೆಯಲಿಲ್ಲ. ಅಂಗಡಿಯವರು, ಇದೇನು ದರಿದ್ರದ ಆಟ ಎಂದು ಬಯ್ದು ಪಟಗಳನ್ನು ವಾಪಸು ಕಳಿಸಿದರು. ಕರಿಯಣ್ಣ ಮದಕರಿಪುರಕ್ಕೆ ಹಿಂದಿರುಗಿ ಕುರಿ ಕಾಯುತ್ತಿದ್ದಾನೆ, ಹೊಸ ಗೆರೆ ಎಳೆಯುವುದನ್ನು ಬಿಟ್ಟಿದ್ದಾನೆ ಎಂದು ಅವರ ಊರಿನವರು ಹೇಳಿದರು. ಹೋಗಿ ತಪ್ಪಾಯಿತು ಎನ್ನಬೇಕು ಎಂದು ಇವತ್ತು ನಾಳೆ ಎನ್ನುತ್ತಲೇ ಕಾಲ ಕಳೆದೆ. ಒಂದು ದಿನ ಅವನು ತೀರಿಕೊಂಡ ಸುದ್ದಿ ಬಂತು.

ನನಗೀಗ ವಯಸ್ಸಾಗಿದೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಮರೆತುಹೋಗುತ್ತದೆ. ಆ ಆಟ ಮಾತ್ರ ಒಂದು ಗೆರೆಯೂ ಬಿಡದಂತೆ ನೆನಪಿದೆ. ಮೊಮ್ಮಕ್ಕಳು ರಜೆಗೆ ಬಂದು, "ತಾತ, ಏನಾದರೂ ಆಟ ಹೇಳಿಕೊಡು" ಎನ್ನುತ್ತವೆ. ನನಗೆ ಯಾವ ಆಟವೂ ಬರುವುದಿಲ್ಲ ಎನ್ನುತ್ತೇನೆ.