ಕಲ್ಯಾಣಪುರದ ದಾಲ್ಚಿನ್ನಿ ಮರ

ಕಟಪಾಡಿಯ ಮಸಾಲೆ ಕಾರ್ಖಾನೆಯೊಂದಕ್ಕೆ ದಾಲ್ಚಿನ್ನಿ ಚಕ್ಕೆ ಪರೀಕ್ಷಿಸಿ ಕೊಳ್ಳುವುದು ನನ್ನ ಕೆಲಸ. ಒಂದು ಸಂಜೆ ಕಲ್ಯಾಣಪುರದ ವಯಸ್ಸಾದ ಕ್ರೈಸ್ತ ಬಾಯಮ್ಮನೊಬ್ಬರ ಮನೆಗೆ ಹೋಗಿದ್ದೆ. ಅಂಗಳದ ಮರದ ಚಕ್ಕೆ ಮಾರುವುದಕ್ಕುಂಟು ಎಂದು ಅವರ ಅಳಿಯ ಫೋನ್ ಮಾಡಿದ್ದರು.

ಮರದ ತುಂಬ ಕೆಂಪು ಚಿಗುರು. ಹೊಳೆಯ ಕಡೆಯಿಂದ ಗಾಳಿ ಬಂದಾಗಲೆಲ್ಲ ಇಡೀ ಅಂಗಳವೇ ಮೆಲ್ಲಗೆ ಉಸಿರಾಡಿದಂತೆ ಅನಿಸುತ್ತಿತ್ತು. ಅಳಿಯ ಒಣಗಿಸಿಟ್ಟಿದ್ದ ಚಕ್ಕೆಯ ತುಂಡೊಂದನ್ನು ಬಾಯಮ್ಮ ಕೈಗಿತ್ತರು. ಒಳ್ಳೆಯ ಚಕ್ಕೆ ಕಾಗದದಂಥ ಪದರಗಳಾಗಿ ಸುರುಳಿ ಸುತ್ತಿರುತ್ತದೆ, ಬೆರಳಲ್ಲೇ ಮುರಿಯುತ್ತದೆ. ಇದು ಒಂದೇ ಪದರ, ದಪ್ಪ. ಮುರಿಯಲು ಎರಡೂ ಕೈ ಬೇಕಾಯಿತು. ಜಗಿದು ಕಣ್ಣು ಮುಚ್ಚಿದೆ. ಮೊದಲು ಎಲ್ಲೋ ದೂರದ ಅಡುಗೆಮನೆಯಿಂದ ತೇಲಿಬಂದಂಥ ಪರಿಮಳ, ಆಮೇಲೆ ಬರೀ ಒಗರು. ಇದನ್ನು ಹೇಗೆ ಹೇಳುವುದೆಂದು ಕಣ್ಣು ತೆರೆಯಲು ಮನಸ್ಸೇ ಬರಲಿಲ್ಲ.

"ಎಂತ, ಒಳ್ಳೆದುಂಟಾ?" ಎಂದರು ಬಾಯಮ್ಮ.

"ಇಲ್ಲ ಬಾಯಮ್ಮ, ಇದು ಕಾಡು ಜಾತಿ. ನಮಗೆ ಆಗುವುದಿಲ್ಲ."

"ಖಂಡಿತವಾ?"

"ಖಂಡಿತ."

ಅವರು ಮರಕ್ಕೆ ಒರಗಿ ನಿಂತು ನಕ್ಕೇಬಿಟ್ಟರು. "ದೇವರು ದೊಡ್ಡವನು ಮಾರಾಯ್ರೆ! ಒಳ್ಳೆದಿದ್ದರೆ ಚಕ್ಕೆಗಾಗಿ ಮರವನ್ನೇ ಕಡಿಯುತ್ತೇನೆ ಅಂದಿದ್ದಾನೆ ಅಳಿಯ. ಇದು ನನ್ನ ಗಂಡ ನೆಟ್ಟದ್ದು. ಬೆಳಗ್ಗಿನಿಂದ ಪ್ರಾರ್ಥನೆ ಮಾಡ್ತಾ ಇದ್ದೆ. ಅವನಿಗೆ ನೀವೇ ಫೋನ್ ಮಾಡಿ ಹೇಳಿ."

ಹೇಳಿದೆ. ಅಳಿಯನಿಗೆ ಬೇಸರವಾಯಿತು. ಬಾಯಮ್ಮ ಒಳಗಿನಿಂದ ದೊಡ್ಡ ತುಂಡು ಕೇಕ್ ತಂದರು. ದೀಪ ಹಚ್ಚುವ ಹೊತ್ತಿನವರೆಗೂ ನಾವಿಬ್ಬರೂ ಮರದ ಕೆಳಗೆ ಕೂತೆವು.

ಮಾಲು ಬೇಡವೆಂದು ನಾನು ಬೈಸಿಕೊಂಡದ್ದು ಎಷ್ಟೋ ಸಲ ಉಂಟು. ಕೇಕ್ ತಿಂದದ್ದು ಅದೊಂದೇ ಸಲ.